ಪಾರ್ಕಿನ ಗಾಳಿ

ಬಣ್ಣದ ಕಾರ್ಖಾನೆಯ ಚಿಮಣಿ ಪಕ್ಕದ ಹುಣಸೆಮರದಲ್ಲಿ ಅಳಿಲೊಂದು ಸಂಸಾರ ಹೂಡಿತ್ತು. ಹೊಗೆ ಕುಡಿದು ಕುಡಿದು ಅದರ ಮರಿಗೆ ಕೆಮ್ಮು ಹತ್ತಿತು. ಅಳಿಲು ಊರಿನ ಇನ್ನೊಂದು ತುದಿಯ ಪಾರ್ಕಿಗೆ ಓಡಿ, ಗಾಳಿ ಅಳೆಯುವ ಯಂತ್ರದ ಮುಂದೆ ಕೈಮುಗಿಯಿತು.

"ಸ್ವಾಮಿ, ನಮ್ಮ ಮರದ ಹತ್ತಿರ ಒಮ್ಮೆ ಬಂದು ಅಳೆಯಿರಿ."

"ನನ್ನನ್ನು ನೆಟ್ಟಿರುವುದು ಇಲ್ಲಿ. ಇಲ್ಲಿನ ಗಾಳಿ ಶುದ್ಧ. ಅಂದಮೇಲೆ ಊರಿನ ಗಾಳಿಯೂ ಶುದ್ಧ."

"ಹಾಗಾದರೆ ನನ್ನ ಮರಿಯ ಕೆಮ್ಮು?"

"ನನಗಂತೂ ಕೇಳಿಸಲಿಲ್ಲ. ಬೇಕಾದರೆ ಇಲ್ಲಿಗೆ ಕರೆದುಕೊಂಡು ಬಾ."

ಅಳಿಲು ಎದ್ದುಬಿದ್ದು ಓಡಿ, ಮರಿಯನ್ನು ಕಚ್ಚಿಕೊಂಡು ಬಂತು. ದಾರಿಯುದ್ದಕ್ಕೂ ಕೆಮ್ಮುತ್ತಿದ್ದ ಮರಿ, ಪಾರ್ಕಿನ ಬೇಲಿ ನುಸುಳುವ ಹೊತ್ತಿಗೆ ತಾಯಿಯ ಬಾಯಲ್ಲೇ ತಣ್ಣಗಾಯಿತು. ಅಳಿಲು ಅದನ್ನು ಯಂತ್ರದ ಬುಡದಲ್ಲಿ ಮಲಗಿಸಿತು.

ಯಂತ್ರ ಕಿವಿಗೊಟ್ಟು ಆಲಿಸಿ, ಸಮಾಧಾನದಿಂದ ಹೇಳಿತು: "ನೋಡಿದೆಯಾ? ನಮ್ಮ ಗಾಳಿ ಸೋಕಿದ್ದೇ ತಡ, ಕೆಮ್ಮು ನಿಂತೇಹೋಯಿತು."