ಮುನ್ನೂರು ಪುಟ ‘ಊಟ ಆತೇನ?’

ಗದಗಿನಲ್ಲಿ ಬ್ಲೌಸ್ ಹೊಲಿಯುವ ನೀಲವ್ವನ ಗಂಡ ಪರದೇಶದ ಆಸ್ಪತ್ರೆಯೊಂದರಲ್ಲಿ ನರ್ಸ್. ಎರಡು ವರ್ಷ ಕಾದ ಮೇಲೆ, ಅವನ ಹತ್ತಿರ ಹೋಗಲು ನೀಲವ್ವ ವೀಸಾಕ್ಕೆ ಅರ್ಜಿ ಹಾಕಿದಳು. ಮದುವೆ ನಿಜವೆಂದು ತೋರಿಸಲು ಇಬ್ಬರ ವಾಟ್ಸಾಪ್ ಮಾತುಕತೆಯನ್ನೂ ಪ್ರಿಂಟ್ ತೆಗೆಸಿ ತಂದಿದ್ದಳು.

ವೀಸಾ ಅಧಿಕಾರಿ ಕನ್ನಡದವರೇ. ಪುಟ ತಿರುವಿ ಮೂಗು ಮುರಿದರು.

“ಏನಮ್ಮ ಇದು? ‘ಊಟ ಆತೇನ?’ ‘ಆತು, ನಿಂದು?’ ಮುನ್ನೂರು ಪುಟವೂ ಇದೇ. ಒಂದು ಪ್ರೀತಿಯ ಮಾತಿಲ್ಲ. ಇದು ವೀಸಾಕ್ಕೋಸ್ಕರ ಮಾಡಿಕೊಂಡ ಸುಳ್ಳು ಮದುವೆ. ಅರ್ಜಿ ತಿರಸ್ಕಾರ ಮಾಡ್ತೀನಿ.”

“ನಿಮ್ಮ ಮದುವಿ ಆಗಿ ಎಷ್ಟು ವರ್ಷ ಆತ್ರೀ ಸಾಹೇಬ್ರ?”

“ಇಪ್ಪತ್ತೆರಡು. ಅಪ್ಪಟ ಮದುವೆ.”

“ಹಂಗಾರ ನಿಮ್ಮ ಮನಿಯವ್ರಿಗೆ ಈಗ ಒಂದು ಪ್ರೀತಿ ಮಾತು ಬರದು ಕಳಸ್ರಿ. ಅವ್ರು ಹೆಂಗ ಉತ್ತರ ಕೊಡ್ತಾರ ನೋಡಿ ನಾನೂ ಕಲೀತೀನಿ.”

ಅಧಿಕಾರಿ ಮೀಸೆ ತೀಡಿಕೊಂಡು, ‘ನಿನ್ನದೇ ನೆನಪು ಚಿನ್ನ’ ಎಂದು ಬರೆದು ಕಳಿಸಿದರು. ಅರ್ಧ ನಿಮಿಷದಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿಯ ದನಿ ಪಕ್ಕದ ಕೌಂಟರಿಗೂ ಕೇಳಿತು.

“ಯಾರಯ್ಯ ನೀನು? ನಮ್ಮ ಯಜಮಾನ್ರ ಫೋನ್ ಎಲ್ಲಿ ಕದ್ದೆ?”

“ನಾನೇ ಕಣೇ.”

“ಅವರು ಇಂಥದ್ದೆಲ್ಲ ಬರೆಯೋರಲ್ಲ. ಪೊಲೀಸರಿಗೆ ಹೇಳ್ತೀನಿ.”

ನೀಲವ್ವ ಮೆಲ್ಲಗೆ ಹೇಳಿದಳು: “ನೋಡ್ರಿ, ಖರೇ ಮದುವ್ಯಾಗ ಪ್ರೀತಿ ಮಾತು ಬಂದ್ರ ಹೆಂಡತಿಗೇ ಸಂಶಯ.”

ಅಧಿಕಾರಿ ಒಂದು ಕೈಯಲ್ಲಿ ಅವಳ ಅರ್ಜಿಗೆ ಮಂಜೂರಾತಿಯ ಮೊಹರು ಒತ್ತಿದರು. ಇನ್ನೊಂದು ಕೈಯಲ್ಲಿದ್ದ ಫೋನಿನಲ್ಲಿ ಹೆಂಡತಿ, ಅವರೇ ತನ್ನ ಗಂಡ ಅನ್ನುವುದಕ್ಕೆ ಪುರಾವೆ ಕೇಳುತ್ತಿದ್ದಳು.