ಎರಡು ಶಾಲೆಗಳ ನಡುವಿನ ಗೋಡೆ

"ಕೇಳ್ರಪ್ಪೋ ಕೇಳಿ! ಅರಸರ ಮೂರು ಒಗಟು ಬಿಡಿಸಿದವರಿಗೆ ನಾಡಿನ ನೌಕರರೆಲ್ಲರ ಮೇಲೆ ಹಿರಿತನ. ತಪ್ಪಿದವರಿಗೆ ತಲೆದಂಡ. ಯಾರೂ ಗೆಲ್ಲದಿದ್ದರೆ ರಾಜನೀತಿ ಶಾಲೆಗೆ ಬೀಗ!"

ಕಲ್ಗೋಡಿನ ಬೀದಿಯಲ್ಲಿ ಡಂಗುರ ಸಾರಿದಾಗ ಅಂಬಿಗರ ಹುಡುಗಿ ದೇಮವ್ವ ದೋಣಿಯ ಹುಟ್ಟು ಕೆಳಗಿಟ್ಟು ಕೇಳಿದಳು. ಆ ಶಾಲೆಯ ಹಿಂದಿನ ಸಾಲಿನಲ್ಲಿ ಬಾಯಿ ಬಿಡದೆ ಕೂತು, ರಾಜ್ಯವೆಂದರೇನು, ಅರಸು ಏಕೆ ಬೇಕು ಎಂದು ಕಲಿಯುತ್ತಿದ್ದವಳು ಅವಳು. ಗೋಡೆಯಾಚೆ ನೌಕರರ ಶಾಲೆ. ಅಲ್ಲಿ ಕಂದಾಯ ಎತ್ತುವುದು, ಕೆರೆಯ ತೂಬು ಕಾಯುವುದು, ಕೈ ಕಟ್ಟಿ ನಿಲ್ಲುವುದು ಕಲಿಸುತ್ತಿದ್ದರು. ಗೋಡೆಗೆ ಒರಗಿ ಅದನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಓಲಗ ಕಿಕ್ಕಿರಿದಿತ್ತು. ಅರಸ ಕೇಳಿದ: "ನನ್ನನ್ನು ಎಂದೂ ಕಾಣದವನಿಗೂ ನನ್ನ ಮುಖ ಗೊತ್ತು. ಎಲ್ಲಿ ನೋಡಿದ?"

ಮಂತ್ರಿಯ ಮಗ ಮೀಸೆ ತಿರುವಿದ. "ನಾಣ್ಯದ ಮೇಲೆ, ಪ್ರಭು!"

"ತಪ್ಪು. ಸಂಜೆಗೆ ತಲೆದಂಡ." ತಳವಾರ ಅವನನ್ನು ಸೆರೆಗೆ ಎಳೆದೊಯ್ದ.

ದೇಮವ್ವ ಎದ್ದಳು. "ಹುಟ್ಟು ಹಾಕೋದು ಬಿಟ್ಟು ಇಲ್ಲಿಗೆ ಬಂದಳಲ್ಲಪ್ಪಾ!" ಎಂದು ಯಾರೋ ನಕ್ಕರು.

"ಚಾವಡಿಯ ನೌಕರನ ಮುಖದಲ್ಲಿ, ಬುದ್ದಿ. ಅವನು ಗದರಿದರೆ ಅರಸನೇ ಗದರಿದ ಅಂತ ಊರು ತಿಳಿಯುತ್ತದೆ."

ಅರಸ ಹುಬ್ಬೇರಿಸಿದ. "ಸರಿ. ಒಂದೇ ತಾಯಿಯ ಅವಳಿ ಮಕ್ಕಳು. ಒಬ್ಬ ಯೋಚಿಸುತ್ತಾನೆ, ದುಡಿಯುವುದಿಲ್ಲ. ಇನ್ನೊಬ್ಬ ದುಡಿಯುತ್ತಾನೆ, ಯೋಚಿಸುವುದಿಲ್ಲ. ಯಾರವರು?"

"ತಲೆ ಮತ್ತು ಕೈ!" ಎಂದ ಆಸ್ಥಾನ ಪಂಡಿತನೂ ಸೆರೆ ಸೇರಿದ.

"ನಮ್ಮ ಎರಡು ಶಾಲೆಗಳು," ಎಂದಳು ದೇಮವ್ವ. "ನಿಮ್ಮ ಅಜ್ಜ ಕಟ್ಟಿಸಿದಾಗ ಇದ್ದದ್ದು ಒಂದೇ ಶಾಲೆ. ರಾಜನೀತಿ ಓದಿದವನೇ ನೌಕರಿಗೂ ಪಳಗುತ್ತಿದ್ದ. ನಡುವೆ ಗೋಡೆ ಎಬ್ಬಿಸಿದ್ದು ನೀವು."

"ಹೌದು, ನಾನೇ. ಕೂತು ಯೋಚಿಸುವವನಿಗೆ ಅನ್ನ ಯಾಕೆ ಹಾಕಲಿ? ಕೊನೆಯದು ಕೇಳು. ನನ್ನ ನೌಕರ ಮೊದಲು ಕಲಿಯಬೇಕಾದ ಮಾತು ಯಾವುದು?"

'ಅಪ್ಪಣೆ.' ದಿನವೂ ಗೋಡೆಯಾಚೆಯಿಂದ ಕೇಳಿಬರುತ್ತಿದ್ದ ಮಾತು. ಅದನ್ನಂದರೆ ತಲೆ ಉಳಿಯುತ್ತಿತ್ತು. ದೇಮವ್ವ ಒಂದು ಹೆಜ್ಜೆ ಮುಂದೆ ಬಂದಳು.

"'ಆಗುವುದಿಲ್ಲ' ಅನ್ನುವುದು, ಬುದ್ದಿ. ಹೋದ ಮಳೆಗಾಲ ತೂಬು ಮುಚ್ಚಿ ಎಂದಿರಿ. ಎಲ್ಲರೂ ಅಪ್ಪಣೆ ಎಂದರು. ಕೆರೆ ಒಡೆದು ಕೆಳಗಿನ ಕೇರಿ ಕೊಚ್ಚಿಹೋಯಿತು. ಏಕೆ ಎಂದು ಕೇಳಲು ಕಲಿತವನೊಬ್ಬ ಅಲ್ಲಿದ್ದಿದ್ದರೆ ಬೇಡ ಅನ್ನುತ್ತಿದ್ದ."

"ತಪ್ಪು! ಉತ್ತರ 'ಅಪ್ಪಣೆ'! ತಳವಾರ, ತೆಗೆ ಇವಳ ತಲೆ!"

ತಳವಾರ ಕತ್ತಿ ಎತ್ತಲಿಲ್ಲ. ಆ ತೂಬು ಮುಚ್ಚಿದ್ದು ಅವನ ಕೈ.

"ಆಗುವುದಿಲ್ಲ, ಬುದ್ದಿ."

ಅರಸ ಉಳಿದ ಕಾವಲಿನವರತ್ತ ತಿರುಗಿದ. ಅವರಲ್ಲಿ ಒಬ್ಬನೂ ಹೆಜ್ಜೆ ಎತ್ತಲಿಲ್ಲ. ಅರಸ ಸಿಂಹಾಸನಕ್ಕೆ ಒರಗಿದ. "ಗೆದ್ದೆಯಮ್ಮಾ. ಏನು ಬೇಕು?"

"ಸೆರೆಯಲ್ಲಿರುವ ಇಬ್ಬರನ್ನೂ ಬಿಡಿ. ಗೋಡೆ ಒಡೆಸಿ."

"ಹಾಗಾದರೆ ಹಿರಿತನ ಬೇಡವೋ?"

ನಾಚುಬುರುಕಿ ಹುಡುಗಿ ಅರಸನ ಕಣ್ಣಲ್ಲಿ ಕಣ್ಣಿಟ್ಟಳು.

"ಅದನ್ನು ಯಾಕೆ ಬಿಡಲಿ? ಗೆದ್ದಿದ್ದೇನಲ್ಲವೇ!"