ಕಿಲ್ಲೇದಾರರ ಮಡಿ ನೀರು

ಕೋಟೆಗೆ ಹೊಸದಾಗಿ ಬಂದ ಕಿಲ್ಲೇದಾರರಿಗೆ ಜಂಬ ಕೊಂಚ ಜಾಸ್ತಿ. ಊರ ಬಟ್ಟೆ ಒಗೆಯುವ ಮಾಚಕ್ಕನನ್ನು ಕರೆಸಿ ಗುಡುಗಿದರು:

"ಊರವರ ಬಟ್ಟೆ ಮುಟ್ಟಿದ ನೀರು ನಮ್ಮ ಬಟ್ಟೆಗೆ ಸೋಕಕೂಡದು. ಸೋಕಿತೋ, ನೀನು ಊರು ಬಿಡಬೇಕು!"

"ಆಗಲಿ ಬುದ್ಧಿ," ಎಂದಳು ಮಾಚಕ್ಕ. ಹೊಳೆಯ ಒಂದೊಂದು ಕಲ್ಲೂ ಅವಳಿಗೆ ಗೊತ್ತು.

ಮರುದಿನ ಬೆಳಿಗ್ಗೆ ಕಿಲ್ಲೇದಾರರು ತಮ್ಮ ಸ್ನಾನದ ಮೆಟ್ಟಿಲಿಳಿದು ಹೊಳೆಯಲ್ಲಿ ಮುಳುಗು ಹಾಕಿದರು. ಎದ್ದಾಗ ಮೀಸೆ ತುಂಬ ಬಟ್ಟೆ ಒಗೆಯುವ ಚೌಳುಮಣ್ಣಿನ ನೊರೆ! ನೋಡಿದರೆ, ಹೊಳೆ ಹರಿದು ಬರುವ ಕಡೆ, ಹತ್ತು ಮಾರು ಮೇಲೆ, ಮಾಚಕ್ಕ ಸೆರಗು ಬಿಗಿದು ಬಟ್ಟೆ ಒಗೆಯುತ್ತಿದ್ದಾಳೆ.

"ಏನೇ ಇದು? ಯಾರ ಕೊಳೆ ನನ್ನ ಮೈಮೇಲೆ ಬಿಡ್ತಿದ್ದೀಯ?"

"ದೇವರಾಣೆಗೂ ಬೇರೆಯವರದ್ದಲ್ಲ ಬುದ್ಧಿ. ನಿಮ್ಮ ಮೆಟ್ಟಿಲ ಬುಡದಿಂದ ಕೆಳಕ್ಕೆಲ್ಲ ಊರವರ ಬಟ್ಟೆ ಒಗೆಯೋ ಕಲ್ಲುಗಳೇ. ಅವರ ಬಟ್ಟೆ ಮುಟ್ಟದ ನೀರು ಬೇಕಂದ್ರೆ ಇಲ್ಲಿಗೇ ಬರಬೇಕು. ನೋಡಿ, ನಿಮ್ಮದೇ ಪಂಚೆ, ನಿಮ್ಮದೇ ಕೊಳೆ. ಊರವರ ಒಂದು ನೂಲೂ ಇಲ್ಲ!"

ಕಿಲ್ಲೇದಾರರು ಬಾಯೊಳಗಿನ ನೊರೆ ಉಗಿದರು. ದನಿ ಇಳಿಯಿತು.

"ನಾಳೆಯಿಂದ ಎಲ್ಲರ ಬಟ್ಟೆ ಜೊತೇಲೇ ಒಗಿ, ಮಾರಾಯ್ತಿ."

"ಆಗಲಿ ಬುದ್ಧಿ. ಈಗ ಮಾತ್ರ ಬೇಗ ದಡ ಹತ್ತಿ. ನಿಮ್ಮ ಕುದುರೆಯ ಜೀನುಬಟ್ಟೆ ಈಗಷ್ಟೇ ನೀರಿಗಿಳಿಸಿದೆ."